ಬೆಳಕಿನ ತಕ್ಕಡಿಯಲ್ಲಿ ಔಷಧದ ತೂಕ

ನಮ್ಮ ಚಿಕ್ಕಮ್ಮ ನಗುವಾಗ ಸೆರಗಿನ ಅಂಚನ್ನು ಬಾಯಿಗೆ ಅಡ್ಡ ಹಿಡಿಯುತ್ತಾರೆ. ಹುಡುಗನಾಗಿದ್ದಾಗ ನಾನು ಅದನ್ನು ಹಳೆಯ ಕಾಲದ ಹೆಣ್ಣುಮಕ್ಕಳ ಸಂಕೋಚವೆಂದೇ ತಿಳಿದಿದ್ದೆ. ಅದು ಸಂಕೋಚವಲ್ಲ, ಹಲ್ಲುಗಳನ್ನು ಮರೆಮಾಡುವ ಅಭ್ಯಾಸ ಎಂಬುದು ಬಹಳ ತಡವಾಗಿ ತಿಳಿಯಿತು. ಅವರ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡಲಾಗಿ ಕಂದುಬಣ್ಣದ ಪಟ್ಟೆಗಳಿವೆ. ಎಲೆ ಅಡಿಕೆಯ ಅಭ್ಯಾಸ ಅವರಿಗಿಲ್ಲ. ಕಾಫಿಯೂ ದಿನಕ್ಕೆ ಎರಡೇ ಲೋಟ. ಊರಿನ ಬಾವಿ ನೀರಿನ ದೋಷವೆಂದು ಹಿರಿಯರು ಹೇಳುತ್ತಿದ್ದರು. ಆದರೆ ಅದೇ ಬಾವಿಯ ನೀರು ಕುಡಿದು ಬೆಳೆದ ನಮ್ಮ ತಾಯಿಯ ಹಲ್ಲುಗಳು ಮಲ್ಲಿಗೆ ಮೊಗ್ಗಿನಂತೆ ಬೆಳ್ಳಗಿವೆ.

ಕೆಲವು ತಿಂಗಳ ಹಿಂದೆ ಹಲ್ಲುನೋವಿಗೆಂದು ಚಿಕ್ಕಮ್ಮನನ್ನು ದಂತವೈದ್ಯರಲ್ಲಿಗೆ ಕರೆದೊಯ್ದೆ. ಅವರು ಕೋಣೆಯ ದೀಪಗಳನ್ನು ಆರಿಸಿ, ನೇರಳೆ ಛಾಯೆಯ ಪುಟ್ಟ ದೀಪವೊಂದನ್ನು ಬಾಯಿಯೊಳಕ್ಕೆ ಹಿಡಿದರು. ಬಿಸಿಲು ಕಾಣದ ಹಿಂದಿನ ದವಡೆ ಹಲ್ಲಿನಲ್ಲಿ ಮಿಣುಕುಹುಳುವಿನಂಥ ಹಳದಿ ಬೆಳಕು ಮಂದವಾಗಿ ತೋರಿತು. “ಮಗುವಾಗಿದ್ದಾಗ ಜ್ವರಕ್ಕೆ ಹಳದಿ ಬಣ್ಣದ ಔಷಧ ಕುಡಿದಿದ್ದಿರಾ ಅಮ್ಮ?” ಎಂದು ವೈದ್ಯರು ಕೇಳಿದರು. ಚಿಕ್ಕಮ್ಮನಿಗೆ ನೆನಪಿಲ್ಲ. ಆದರೆ 1965-66ರ ಸುಮಾರಿಗೆ, ಎರಡು ಮೂರು ವರ್ಷದ ಕೂಸಾಗಿದ್ದಾಗ, ಎದೆ ಕಟ್ಟಿ ಬರುತ್ತಿದ್ದ ಜ್ವರಕ್ಕೆ ಪದೇ ಪದೇ ಔಷಧ ಹಾಕಿದ ಕಥೆಯನ್ನು ಅಜ್ಜಿ ಹೇಳುತ್ತಿದ್ದದ್ದುಂಟು. “ಟೆಟ್ರಾಸೈಕ್ಲಿನ್” ಎಂದರು ವೈದ್ಯರು. ಅರುವತ್ತು ವರ್ಷಗಳ ಹಿಂದೆ ಕುಡಿದ ಔಷಧ ಇನ್ನೂ ಹಲ್ಲಿನೊಳಗೆ ಕುಳಿತು, ದೀಪ ತೋರಿಸಿದರೆ ಉತ್ತರ ಕೊಡುತ್ತಿತ್ತು!

ಪಂಪ ರನ್ನರನ್ನು ಪಾಠ ಹೇಳಿಕೊಂಡಿರುವ ನನಗೆ ಈ ಬೆಳಕಿನ ಮರ್ಮ ತಿಳಿಯುವುದು ಹೇಗೆ? ನಮ್ಮ ಕಾಲೇಜಿನಲ್ಲಿ ರಸಾಯನಶಾಸ್ತ್ರ ಬೋಧಿಸುವ ಮಿತ್ರರೊಬ್ಬರನ್ನು ಕೇಳಿದೆ. “ಸಂಜೆ ಲ್ಯಾಬೊರೇಟರಿಗೆ ಬನ್ನಿ ಮೇಷ್ಟ್ರೇ, ಬಾಯಲ್ಲಿ ಹೇಳುವುದಕ್ಕಿಂತ ಕಣ್ಣಿಗೆ ತೋರಿಸಿಬಿಡುತ್ತೇನೆ” ಎಂದರು. ಆ ಸಂಜೆ ಕಂಡದ್ದು, ಅನಂತರ ಓದಿ ತಿಳಿದದ್ದು ಈ ಲೇಖನದ ವಸ್ತು.

ಎರಡು ಗಾಜಿನ ನಳಿಗೆಗಳು

ಮಿತ್ರರು ಟೆಟ್ರಾಸೈಕ್ಲಿನ್ ಪುಡಿಯ ಒಂದು ಚಿಟಿಕೆಯನ್ನು ಮದ್ಯಸಾರದಲ್ಲಿ ಕರಗಿಸಿ ಎರಡು ನಳಿಗೆಗಳಿಗೆ ಸುರಿದರು. ಎರಡರಲ್ಲಿಯೂ ಒಂದೇ ಬಗೆಯ ತಿಳಿಹಳದಿ ದ್ರವ. ಎರಡನೆಯದಕ್ಕೆ ಮಾತ್ರ ಮೆಗ್ನೀಸಿಯಂ ಲೋಹದ ಲವಣವನ್ನು ಕೊಂಚ ಸೇರಿಸಿದರು. ಅನಂತರ ಕಿಟಕಿಗಳನ್ನು ಮುಚ್ಚಿ, ನೇರಳಾತೀತ ಕಿರಣಗಳ ದೀಪವನ್ನು ಹೊತ್ತಿಸಿದರು. ಮೊದಲ ನಳಿಗೆ ಹೆಚ್ಚುಕಡಿಮೆ ಮಂಕಾಗಿಯೇ ಇತ್ತು. ಎರಡನೆಯದು ಹೊಸ ಚಿಗುರಿನ ಮೇಲೆ ಬಿಸಿಲು ಬಿದ್ದಂತೆ ಹಳದಿಮಿಶ್ರಿತ ಹಸುರಾಗಿ ಬೆಳಗಿತು. ಎರಡರಲ್ಲಿಯೂ ಇದ್ದ ಔಷಧ ಒಂದೇ, ಅದರ ಪ್ರಮಾಣವೂ ಒಂದೇ. ಲೋಹದ ಸಂಗ ದೊರೆತದ್ದು ಮಾತ್ರ ಹೊಳೆಯಿತು.

ಹೀಗೆ ಕಣ್ಣಿಗೆ ಕಾಣದ ಕಿರಣವನ್ನು ನುಂಗಿ, ಕಾಣುವ ಬಣ್ಣವನ್ನು ಹೊರಚೆಲ್ಲುವ ಗುಣಕ್ಕೆ ಪ್ರತಿದೀಪ್ತಿ ಎಂದು ಹೆಸರು. ಇದು ಅಪರೂಪದ ಸಂಗತಿಯಲ್ಲ. ಅರಿಸಿನವನ್ನು ಕೊಬ್ಬರಿ ಎಣ್ಣೆಯಲ್ಲಿ ಕದಡಿ ಇಂಥ ದೀಪದ ಮುಂದಿಟ್ಟರೆ ಅದೂ ಹಸುರಾಗಿ ಹೊಳೆಯುತ್ತದೆ. ಮಲೇರಿಯಾಕ್ಕೆ ಕೊಡುತ್ತಿದ್ದ ಕ್ವಿನೈನ್ ಕರಗಿದ ನೀರಿನ ಮೇಲ್ಮೈ ಬಿಸಿಲಿನಲ್ಲಿ ನೀಲಿಯಾಗಿ ಕಾಣುವುದನ್ನು ಇಂಗ್ಲೆಂಡಿನ ಜಾನ್ ಹರ್ಷೆಲ್ 1845ರಲ್ಲಿ ವರ್ಣಿಸಿದ. ಅದರ ನಿಜವಾದ ಕಾರಣವನ್ನು ಬಿಡಿಸಿ ಹೇಳಿದವನು ಕೇಂಬ್ರಿಜ್‌ನ ಜಾರ್ಜ್ ಸ್ಟೋಕ್ಸ್, 1852ರಲ್ಲಿ. ವಸ್ತು ನುಂಗುವ ಬೆಳಕಿಗಿಂತ ಉಗುಳುವ ಬೆಳಕಿನ ಶಕ್ತಿ ಕಡಿಮೆ. ನಡುವೆ ಕೊಂಚ ಶಕ್ತಿ ಕಾವಾಗಿ ಸೋರಿಹೋಗಿರುತ್ತದೆ. ಆದುದರಿಂದಲೇ ನೇರಳಾತೀತವು ಒಳಹೊಕ್ಕು ನೀಲಿಯೋ ಹಸುರೋ ಆಗಿ ಹೊರಬರುತ್ತದೆ.

ಏಡಿಯ ಹಿಡಿತ, ತಂಬೂರಿಯ ಬಿರಡೆ

ಹಾಗಾದರೆ ಲೋಹ ಸೇರಿದೊಡನೆ ಬೆಳಕು ಹೆಚ್ಚಿದ್ದೇಕೆ?

ಟೆಟ್ರಾಸೈಕ್ಲಿನ್ ಎಂಬ ಹೆಸರೇ ಅದರ ಮೈಕಟ್ಟನ್ನು ಹೇಳುತ್ತದೆ. ಒಂದಕ್ಕೊಂದು ತೋಳು ಕೂಡಿಸಿ ಸಾಲಾಗಿ ನಿಂತ ನಾಲ್ಕು ಉಂಗುರಗಳು. ಅವುಗಳ ಅಂಚಿನಲ್ಲಿ ಆಮ್ಲಜನಕದ ಪರಮಾಣುಗಳು. ಮೆಗ್ನೀಸಿಯಂ, ಕ್ಯಾಲ್ಸಿಯಂ, ಅಲ್ಯೂಮಿನಿಯಂ ಮೊದಲಾದ ಲೋಹಗಳ ವಿದ್ಯುದಂಶವುಳ್ಳ ಕಣಗಳು ಬಳಿಗೆ ಬಂದರೆ ನೆರೆಹೊರೆಯ ಎರಡು ಆಮ್ಲಜನಕಗಳು ಅವನ್ನು ಎರಡು ಕಡೆಯಿಂದ ಕಚ್ಚಿ ಹಿಡಿಯುತ್ತವೆ. ಏಡಿ ತನ್ನ ಇಕ್ಕಳದಂಥ ಮುಂಗಾಲಿನಿಂದ ಹುಳುವನ್ನು ಹಿಡಿದಂತೆ ಎನ್ನಬಹುದು. ಈ ಹೋಲಿಕೆ ನನ್ನದಲ್ಲ. 1920ರಲ್ಲಿ ಮಾರ್ಗನ್ ಮತ್ತು ಡ್ರ್ಯೂ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಇಂಥ ಜೋಡಣೆಗೆ ‘ಕೀಲೇಟ್’ ಎಂದು ಹೆಸರಿಟ್ಟಾಗ ಗ್ರೀಕ್ ಭಾಷೆಯಲ್ಲಿ ಏಡಿಯ ಇಕ್ಕಳಕ್ಕಿರುವ ಮಾತನ್ನೇ ಎತ್ತಿಕೊಂಡರು. ವಿಜ್ಞಾನಿಗಳೂ ಒಮ್ಮೊಮ್ಮೆ ಉಪಮಾಲಂಕಾರಕ್ಕೆ ಶರಣಾಗುತ್ತಾರೆಂದು ನನಗೆ ಸಂತೋಷವಾಯಿತು.

ಲೋಹದ ಹಿಡಿತವಿಲ್ಲದಾಗ ಅಣುವಿನ ಅಂಗಾಂಗಗಳಿಗೆ ಅಲುಗಾಡುವ ಸ್ವಾತಂತ್ರ್ಯ ಹೆಚ್ಚು. ನುಂಗಿದ ಬೆಳಕಿನ ಶಕ್ತಿಯನ್ನೆಲ್ಲ ಅದು ಕುಲುಕಾಟದಲ್ಲಿ ಕಳೆದು, ಕಾವಾಗಿಸಿ ಬಿಡುತ್ತದೆ. ಲೋಹ ಬಂದು ಬಿಗಿದಾಗ ಆ ಸೋರುವ ದಾರಿಗಳು ಮುಚ್ಚುತ್ತವೆ. ಶಕ್ತಿ ಬೆಳಕಾಗಿಯೇ ಹೊರಬರಬೇಕಾಗುತ್ತದೆ. ತಂಬೂರಿಯ ತಂತಿ ಸಡಿಲವಾಗಿದ್ದರೆ ಎಷ್ಟು ಮೀಟಿದರೂ ಬರಿಯ ಸದ್ದು. ಬಿರಡೆ ತಿರುಗಿಸಿ ಬಿಗಿದರೆ ಅದೇ ತಂತಿ ನಾದ ಕೊಡುತ್ತದೆ. ಇಲ್ಲಿ ಲೋಹವೇ ಬಿರಡೆ.

ಹಲಸಿನ ಮರದ ಹಳದಿ

ಈ ಗುಣವನ್ನು ಅಳತೆಗೆ ಉಪಯೋಗಿಸಬಹುದೆಂದು ಮೊದಲು ತೋರಿಸಿದವನು ಸ್ವಿಟ್ಸರ್ಲೆಂಡಿನ ಫ್ರೀಡ್ರಿಕ್ ಗೊಪೆಲ್ಸ್‌ರೋಡರ್. 1867ರಲ್ಲಿ ಅವನು ಮೋರಿನ್ ಎಂಬ ಹಳದಿ ಬಣ್ಣದ ದ್ರವ್ಯವನ್ನು ಅಲ್ಯೂಮಿನಿಯಂ ಲವಣದೊಡನೆ ಕೂಡಿಸಿದ. ಹಸುರು ಪ್ರಭೆ ಹೊಮ್ಮಿತು. ಅಲ್ಯೂಮಿನಿಯಂ ಹೆಚ್ಚಾದಷ್ಟೂ ಪ್ರಭೆ ಹೆಚ್ಚು. ಹಾಗಿದ್ದರೆ ಪ್ರಭೆಯನ್ನು ನೋಡಿ ಲೋಹದ ಪ್ರಮಾಣವನ್ನು ಹೇಳಬಹುದಲ್ಲವೇ? ಪ್ರತಿದೀಪ್ತಿಯಿಂದ ವಸ್ತುವನ್ನು ಅಳೆದ ಮೊದಲ ಪ್ರಯತ್ನವೆಂದು ಶಾಸ್ತ್ರದ ಇತಿಹಾಸದಲ್ಲಿ ಇದನ್ನು ಸ್ಮರಿಸುತ್ತಾರೆ.

ಮೋರಿನ್ ನಮಗೆ ದೂರದ ವಸ್ತುವೇನಲ್ಲ. ಮಲೆನಾಡಿನ ಪ್ರತಿಯೊಂದು ಮನೆಯ ಹಿತ್ತಿಲಲ್ಲಿಯೂ ಇರುವ ಹಲಸಿನ ಮರದ ಚೇಗಿನಲ್ಲಿ ಅದಿದೆ. ಹಲಸಿನ ಹಲಗೆ ಕೊಯ್ದಾಗ ಕಾಣುವ ಹೊಂಬಣ್ಣದಲ್ಲಿ ಅದರ ಪಾಲೂ ಉಂಟು. ಬರ್ಮಾ ದೇಶದ ಬೌದ್ಧ ಭಿಕ್ಷುಗಳ ಚೀವರಗಳಿಗೆ ಹಲಸಿನ ಚೇಗಿನ ಬಣ್ಣವನ್ನೇ ಕಟ್ಟುತ್ತಿದ್ದರು.

ಗೊಪೆಲ್ಸ್‌ರೋಡರ್ ಬಣ್ಣದ ನೆರವಿನಿಂದ ಲೋಹವನ್ನು ಅಳೆದ. ಮುಂದಿನವರು ಅದೇ ಲೆಕ್ಕವನ್ನು ತಿರುವುಮುರುವು ಮಾಡಿದರು. ಲೋಹವನ್ನು ಬೇಕಾದಷ್ಟು ಸುರಿದು, ಅದನ್ನು ಹಿಡಿಯುವ ಔಷಧ ಎಷ್ಟಿದೆಯೆಂದು ಬೆಳಕಿನಿಂದ ಕೇಳಿದರು.

ಮಣ್ಣಿನಿಂದ ಬಂದ ಹೊನ್ನು

ಟೆಟ್ರಾಸೈಕ್ಲಿನ್ ಮನೆತನದ ಹಿರಿಯಣ್ಣ ಆರಿಯೋಮೈಸಿನ್. ಅಮೆರಿಕದ ಮಿಸ್ಸೂರಿ ವಿಶ್ವವಿದ್ಯಾನಿಲಯದ ಸ್ಯಾನ್‌ಬಾರ್ನ್ ಹೊಲದಿಂದ 1945ರಲ್ಲಿ ತಂದ ಮಣ್ಣಿನೊಳಗಿನ ಸೂಕ್ಷ್ಮಜೀವಿಯಿಂದ ಬೆಂಜಮಿನ್ ಡಗ್ಗರ್ ಅದನ್ನು ಕಂಡುಹಿಡಿದರು. ಆಗ ಅವರು ಎಪ್ಪತ್ತು ದಾಟಿದ ವೃದ್ಧರು. ಅಧ್ಯಾಪಕ ವೃತ್ತಿಯಿಂದ ನಿವೃತ್ತರಾದ ಮೇಲೆ ಲೆಡರ್ಲೆ ಪ್ರಯೋಗಶಾಲೆಯನ್ನು ಸೇರಿದವರು. ಆ ಪ್ರಯೋಗಶಾಲೆಯ ಸಂಶೋಧನೆಗಳ ಚುಕ್ಕಾಣಿ ಹಿಡಿದಿದ್ದವರು ಆಂಧ್ರದ ಭೀಮಾವರಂನಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾಯರು. 1948ರಲ್ಲಿ ಔಷಧ ಜಗತ್ತಿಗೆ ಪ್ರಕಟವಾಯಿತು; ಅದೇ ವರ್ಷ ಸುಬ್ಬರಾಯರು ಕಣ್ಮುಚ್ಚಿದರು. ಔಷಧದ ಬಣ್ಣ ಹೊಂಬಣ್ಣ. ಹೊನ್ನಿಗಿರುವ ಲ್ಯಾಟಿನ್ ಹೆಸರೇ ಅದರ ಹೆಸರಿನಲ್ಲಿ ಸೇರಿತು. 1950ರಲ್ಲಿ ಟೆರಾಮೈಸಿನ್ ಬಂತು. 1953ರಲ್ಲಿ ಲಾಯ್ಡ್ ಕಾನೋವರ್ ಆರಿಯೋಮೈಸಿನ್ನಿನ ಅಣುವಿನಿಂದ ಕ್ಲೋರಿನ್ ಪರಮಾಣುವನ್ನು ಕಿತ್ತು ಟೆಟ್ರಾಸೈಕ್ಲಿನ್ನನ್ನು ಪಡೆದರು.

ಹಲವು ಬಗೆಯ ರೋಗಾಣುಗಳನ್ನು ಒಂದೇ ಔಷಧ ತಡೆಯುವುದೆಂದರೆ ಆ ಕಾಲಕ್ಕೆ ಪವಾಡವೇ ಆಗಿತ್ತು. ನ್ಯುಮೋನಿಯಾ, ಕಾಲರಾ, ಕಣ್ಣಿನ ಟ್ರಕೋಮಾ—ಎಲ್ಲಕ್ಕೂ ಇದು ಆಗಿಬಂತು. ಚುಚ್ಚುಮದ್ದಿನ ಗೊಡವೆಯಿಲ್ಲ, ಗುಳಿಗೆಯಾಗಿಯೋ ಸಿಹಿ ಪಾನಕವಾಗಿಯೋ ಕೊಡಬಹುದು. ಆದುದರಿಂದ ಮಕ್ಕಳಿಗೆ ಧಾರಾಳವಾಗಿ ಕೊಟ್ಟರು. ಆದರೆ ನುಂಗಿದ ಔಷಧದಲ್ಲಿ ರಕ್ತಕ್ಕೆ ಸೇರಿದ್ದೆಷ್ಟು, ಎಷ್ಟು ಹೊತ್ತು ಅಲ್ಲಿರುತ್ತದೆ, ಎಲ್ಲಿಗೆ ಹೋಗುತ್ತದೆ? ಇದನ್ನು ತಿಳಿಯದೆ ಪ್ರಮಾಣವನ್ನು ನಿರ್ಣಯಿಸುವುದು ಕಣ್ಣು ಕಟ್ಟಿಕೊಂಡು ತಕ್ಕಡಿ ಹಿಡಿದಂತೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಮಾತಿನ ನಿಜ ಮನವರಿಕೆಯಾಗಿತ್ತು. ಮಲೇರಿಯಾಕ್ಕೆ ಕೊಡುತ್ತಿದ್ದ ಅಟಾಬ್ರಿನ್ ಕೆಲವೊಮ್ಮೆ ಕೆಲಸಮಾಡುತ್ತಿರಲಿಲ್ಲ. ನ್ಯೂಯಾರ್ಕಿನ ಗೋಲ್ಡ್‌ವಾಟರ್ ಆಸ್ಪತ್ರೆಯಲ್ಲಿ ಬರ್ನಾರ್ಡ್ ಬ್ರೋಡಿ ಮತ್ತು ಸಿಡ್ನಿ ಯೂಡೆನ್‌ಫ್ರೆಂಡ್ ರಕ್ತದಲ್ಲಿ ಅದರ ಸ್ವಂತ ಪ್ರತಿದೀಪ್ತಿಯನ್ನೇ ಅಳೆದು ನೋಡಿದರು. ಔಷಧದ ಬಹುಭಾಗ ದೇಹದ ಅಂಗಾಂಶಗಳಲ್ಲಿ ಅಡಗಿ, ರಕ್ತದಲ್ಲಿ ಬಹಳ ಕಡಿಮೆ ಉಳಿಯುತ್ತಿತ್ತು. ಮೊದಲು ದೊಡ್ಡ ಪ್ರಮಾಣ ಕೊಟ್ಟು, ಅನಂತರ ಸಣ್ಣ ಪ್ರಮಾಣದಿಂದ ಕಾಯ್ದುಕೊಂಡು ಹೋದರೆ ಗುಣವಾಗುವುದೆಂದು ತಿಳಿಯಿತು. ಅಳತೆಯೇ ಇಲ್ಲಿ ಚಿಕಿತ್ಸೆಯನ್ನು ತಿದ್ದಿತು.

ಅಟಾಬ್ರಿನ್ ತಾನಾಗಿಯೇ ಚೆನ್ನಾಗಿ ಹೊಳೆಯುವ ವಸ್ತು. ಟೆಟ್ರಾಸೈಕ್ಲಿನ್ನಿಗೆ ಲೋಹದ ಊರುಗೋಲು ಬೇಕು. 1961ರಲ್ಲಿ ಕರ್ಟ್ ಕೋನ್ ಎಂಬ ಸಂಶೋಧಕ ಅದಕ್ಕೊಂದು ಮಾರ್ಗವನ್ನು ಪ್ರಕಟಿಸಿದ: ಔಷಧವನ್ನು ಕ್ಯಾಲ್ಸಿಯಂನೊಡನೆ ಕೂಡಿಸಿ, ಆ ಹೊಳೆಯುವ ಸಂಕೀರ್ಣವನ್ನು ನೀರಿನಿಂದ ಬೇರೊಂದು ದ್ರಾವಕಕ್ಕೆ ಸೆಳೆದು, ಅಲ್ಲಿ ಬೆಳಕನ್ನು ಅಳೆಯುವುದು. ಅನಂತರ ಬಂದ ಅನೇಕ ವಿಧಾನಗಳು ಇದರ ಸೋದರರೇ.

ಅಳೆಯುವ ಬಗೆ

ಪ್ರತಿದೀಪ್ತಿಮಾಪಕ ಎಂಬ ಯಂತ್ರದ ತತ್ತ್ವ ಸರಳವಾದದ್ದು. ದೀಪದ ಬೆಳಕಿನಿಂದ ಬೇಕಾದ ಬಣ್ಣವನ್ನಷ್ಟೇ ಆರಿಸಿ ದ್ರವದ ಪುಟ್ಟ ಪೆಟ್ಟಿಗೆಯೊಳಕ್ಕೆ ಹಾಯಿಸುತ್ತಾರೆ. ಟೆಟ್ರಾಸೈಕ್ಲಿನ್ನಿಗೆ ಸುಮಾರು 390 ನ್ಯಾನೊಮೀಟರ್ ಅಲೆಯುದ್ದದ ಬೆಳಕು. ಹೊರಬರುವ ಪ್ರಭೆ 520ರ ಆಸುಪಾಸಿನದು. ಅದನ್ನು ದೀಪದ ಎದುರಿಗೆ ನಿಂತು ನೋಡುವುದಿಲ್ಲ. ಪಕ್ಕದಿಂದ, ಲಂಬಕೋನದಲ್ಲಿ ನೋಡುತ್ತಾರೆ. ದೀಪದ ಬೆಳಕು ನೇರವಾಗಿ ಸಾಗಿಹೋಗುತ್ತದೆ. ಪಕ್ಕಕ್ಕೆ ಬರುವುದು ಬಹುಮಟ್ಟಿಗೆ ಔಷಧದ ಸ್ವಂತ ಬೆಳಕು.

ಇದರ ಲಾಭವನ್ನು ಒಂದು ನಿದರ್ಶನದಿಂದ ತಿಳಿಯಬಹುದು. ದಸರೆಯಲ್ಲಿ ಮೈಸೂರು ಅರಮನೆಯ ಸುಮಾರು ಒಂದು ಲಕ್ಷ ದೀಪಗಳು ಬೆಳಗುತ್ತಿರುವಾಗ ಅವುಗಳಲ್ಲೊಂದು ಆರಿದರೆ ಯಾರಿಗೂ ತಿಳಿಯದು. ಅಮಾವಾಸ್ಯೆಯ ರಾತ್ರಿ ಬೆಟ್ಟದ ಮೇಲೆ ಒಂದೇ ಒಂದು ದೀಪ ಹೊತ್ತಿದರೆ ಊರಿಗೆಲ್ಲ ಕಾಣುತ್ತದೆ. ಔಷಧವು ಎಷ್ಟು ಬೆಳಕನ್ನು ಹೀರಿತೆಂದು ಅಳೆಯುವುದು ಮೊದಲಿನಂಥದು. ಎಷ್ಟು ಬೆಳಕನ್ನು ಕೊಟ್ಟಿತೆಂದು ಅಳೆಯುವುದು ಎರಡನೆಯದರಂಥದು.

ಈಗ ಒಂದು ಗುಳಿಗೆಯನ್ನು ತೂಗೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಗುಳಿಗೆಯ ಮೇಲೆ 250 ಮಿಲಿಗ್ರಾಂ ಎಂದು ಬರೆದಿದೆ. ಅದರ ಪುಡಿಯನ್ನು ಒಂದು ಲೀಟರ್ ದ್ರಾವಕದಲ್ಲಿ ಕರಗಿಸಿ, ಅದರಿಂದ ಒಂದೇ ಒಂದು ಮಿಲಿಲೀಟರ್ ತೆಗೆದು, ಲೋಹದ ಲವಣ ಬೆರೆಸಿ, 500 ಮಿಲಿಲೀಟರಿಗೆ ತುಂಬಿಸಿದೆವೆನ್ನೋಣ. ಬರೆದ ಮಾತು ನಿಜವಾಗಿದ್ದರೆ ಈಗ ಪ್ರತಿ ಮಿಲಿಲೀಟರಿನಲ್ಲಿ 0.5 ಮೈಕ್ರೊಗ್ರಾಂ ಔಷಧವಿರಬೇಕು. ಮೈಕ್ರೊಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. ಇತ್ತ ಶುದ್ಧ ಔಷಧದ 0.2, 0.4, 0.6 ಮೈಕ್ರೊಗ್ರಾಮಿನ ದ್ರಾವಣಗಳನ್ನೂ ಸಿದ್ಧಪಡಿಸಿ, ಯಂತ್ರದಲ್ಲಿಟ್ಟಾಗ ಸೂಜಿ 40, 80, 120 ತೋರಿಸಿತು. ಕಾಗದದ ಮೇಲೆ ಗುರುತಿಸಿದರೆ ನೆಟ್ಟನೆಯ ಗೆರೆ. ನಮ್ಮ ಗುಳಿಗೆಯ ದ್ರಾವಣ 90 ತೋರಿಸಿದರೆ ಅದರಲ್ಲಿರುವುದು 0.45 ಮೈಕ್ರೊಗ್ರಾಂ. ಹಿಂದಕ್ಕೆ ಗುಣಿಸಿದರೆ ಗುಳಿಗೆಯಲ್ಲಿದ್ದದ್ದು 225 ಮಿಲಿಗ್ರಾಂ! ಹತ್ತರಲ್ಲಿ ಒಂದು ಪಾಲು ಕಡಿಮೆ. ಚೀಟಿಯ ಮೇಲಿನ ಮಾತು ಒಂದು, ಒಳಗಿನ ಸರಕು ಒಂದು ಎಂಬುದನ್ನು ಬೆಳಕು ಬಯಲುಮಾಡಿತು.

ಔಷಧ ಸೇರಿಸದ ಬರಿಯ ದ್ರಾವಕವನ್ನೂ ಯಂತ್ರದಲ್ಲಿಟ್ಟು ನೋಡಲೇಬೇಕು. ಶುದ್ಧ ನೀರಿನ ಮೇಲೂ ಬೆಳಕು ಬಿದ್ದರೆ ಒಂದು ಅಲ್ಪ ಪ್ರಭೆ ಕಾಣುತ್ತದೆ. 350 ನ್ಯಾನೊಮೀಟರಿನ ಬೆಳಕು ಹಾಯಿಸಿದರೆ 397ರ ಬಳಿ ಅದು ತೋರುತ್ತದೆ. ಇದು ಪ್ರತಿದೀಪ್ತಿಯಲ್ಲ, ಸರ್ ಸಿ. ವಿ. ರಾಮನ್ನರು 1928ರಲ್ಲಿ ಕಲ್ಕತ್ತೆಯಲ್ಲಿ ಪ್ರಕಟಪಡಿಸಿದ ರಾಮನ್ ಪರಿಣಾಮ. ಅವರ ಪ್ರಯೋಗಶಾಲೆಯಲ್ಲಿ ಅದರ ಸುಳಿವು ಮೊದಲು ದೊರೆತಾಗ ಅದನ್ನು ಮಂದವಾದ ಪ್ರತಿದೀಪ್ತಿಯೆಂದೇ ಬಗೆದಿದ್ದರು. 1933ರಿಂದ ಬೆಂಗಳೂರನ್ನೇ ಮನೆಯಾಗಿಸಿಕೊಂಡ ಆ ಮಹನೀಯರ ಗೆರೆಯಿಂದಲೇ ಇಂದು ಜಗತ್ತಿನೆಲ್ಲೆಡೆ ಪ್ರತಿದೀಪ್ತಿಮಾಪಕಗಳ ಸೂಕ್ಷ್ಮತೆಯನ್ನು ಪರೀಕ್ಷಿಸುತ್ತಾರೆ ಎಂಬುದು ನಾವು ಹೆಮ್ಮೆಪಡಬೇಕಾದ ಮಾತು.

ಮೊಸರಾಗದ ಹಾಲು

ಗೃಹಿಣಿಯರಿಗೆ ಒಂದು ಅನುಭವವಿರಬಹುದು. ಹೆಪ್ಪು ಚೆನ್ನಾಗಿದೆ, ಹಾಲೂ ಹದವಾಗಿ ಬೆಚ್ಚಗಿದೆ. ಆದರೂ ಬೆಳಗಾಗುವ ಹೊತ್ತಿಗೆ ಮೊಸರು ಕಟ್ಟಿರುವುದಿಲ್ಲ. ಕಾರಣಗಳು ನೂರಿರಬಹುದು, ಅವುಗಳಲ್ಲಿ ಒಂದು, ಹಸುವಿಗೆ ಕೊಟ್ಟ ಔಷಧ. ಕೆಚ್ಚಲು ಬಾವಿಗೆ ಟೆಟ್ರಾಸೈಕ್ಲಿನ್ ಮೊದಲಾದವನ್ನು ಕೊಡುವುದುಂಟು. ಚಿಕಿತ್ಸೆ ಮುಗಿದ ಮೇಲೂ ಕೆಲವು ದಿನ ಆ ಹಸುವಿನ ಹಾಲನ್ನು ಮಾರಬಾರದು. ನಿಯಮ ಮೀರಿದರೆ ಹಾಲಿನಲ್ಲಿ ಉಳಿದ ಔಷಧ ಹೆಪ್ಪಿನ ಒಳ್ಳೆಯ ಜೀವಿಗಳನ್ನೂ ತಡೆಯುತ್ತದೆ. ಇದಕ್ಕಿಂತ ದೊಡ್ಡ ಅಪಾಯವೆಂದರೆ, ಅಲ್ಪಾಂಶದ ಔಷಧಕ್ಕೆ ದಿನವೂ ಒಡ್ಡಿಕೊಂಡ ರೋಗಾಣುಗಳು ಅದಕ್ಕೆ ಜಗ್ಗದಂತೆ ಬಲಿಯುತ್ತವೆ. ಅಂತರರಾಷ್ಟ್ರೀಯ ಆಹಾರ ನಿಯಮಾವಳಿಯ ಪ್ರಕಾರ ಒಂದು ಲೀಟರ್ ಹಾಲಿನಲ್ಲಿ ಈ ಮನೆತನದ ಔಷಧ 100 ಮೈಕ್ರೊಗ್ರಾಮಿಗಿಂತ ಹೆಚ್ಚಿರಬಾರದು.

ಇಷ್ಟು ಕಡಿಮೆಯದನ್ನು ಹುಡುಕುವಾಗ ಒಂದು ತೊಡಕಿದೆ. ಹಾಲಿನಲ್ಲಿರುವ ಇತರ ವಸ್ತುಗಳೂ ಹೊಳೆಯುತ್ತವೆ. ಸಂತೆಯ ಗದ್ದಲದಲ್ಲಿ ಪಿಸುಮಾತನ್ನು ಕೇಳುವುದು ಹೇಗೆ? ಇಲ್ಲಿ ನೆರವಿಗೆ ಬರುವ ಲೋಹ ಯೂರೋಪಿಯಂ. 1901ರಲ್ಲಿ ಫ್ರಾನ್ಸಿನ ದೆಮಾರ್ಸೆ ಬೇರ್ಪಡಿಸಿದ್ದು, ಹಳೆಯ ಬಣ್ಣದ ಟೆಲಿವಿಷನ್ ಪರದೆಗಳಿಗೆ ಕೆಂಪನ್ನು ಕೊಟ್ಟದ್ದು. ಈ ಲೋಹದ ಕಣ ತಾನಾಗಿ ಬೆಳಕನ್ನು ಹೀರುವುದು ಬಹಳ ಕಡಿಮೆ. ಟೆಟ್ರಾಸೈಕ್ಲಿನ್ ಅದನ್ನು ಹಿಡಿದುಕೊಂಡಾಗ, ತಾನು ಹೀರಿದ ಶಕ್ತಿಯನ್ನು ಅದರ ಕೈಗೆ ದಾಟಿಸುತ್ತದೆ. ಯೂರೋಪಿಯಂ 615 ನ್ಯಾನೊಮೀಟರಿನ ಬಳಿ ಅಚ್ಚಗೆಂಪಾಗಿ ಹೊಳೆಯುತ್ತದೆ. ಇನ್ನೂ ಒಂದು ಅನುಕೂಲವಿದೆ. ಸಾಮಾನ್ಯ ಪ್ರತಿದೀಪ್ತಿ ಸೆಕೆಂಡಿನ ನೂರು ಕೋಟಿಯ ಕೆಲವೇ ಪಾಲುಗಳಲ್ಲಿ ನಂದಿಹೋಗುತ್ತದೆ. ಯೂರೋಪಿಯಂನ ಕೆಂಪು ಅದಕ್ಕಿಂತ ಸಾವಿರಾರು ಪಟ್ಟು ಹೆಚ್ಚು ಹೊತ್ತು ನಿಲ್ಲುತ್ತದೆ. ಆದುದರಿಂದ ದೀಪವನ್ನು ಒಮ್ಮೆ ಮಿಂಚಿಸಿ, ಒಂದು ಕ್ಷಣಾಂಶ ತಡೆದು ನೋಡಿದರೆ ಹಾಲಿನ ಗದ್ದಲವೆಲ್ಲ ಅಡಗಿರುತ್ತದೆ. ಮಂಗಳಾರತಿ ಮುಗಿದು ಜನರ ಸದ್ದಡಗಿದ ಮೇಲೂ ದೊಡ್ಡ ಗಂಟೆಯ ಝೇಂಕಾರ ಉಳಿದಂತೆ, ಔಷಧದ ಕುರುಹು ಮಾತ್ರ ಉಳಿದು ಕಾಣುತ್ತದೆ.

ಬೆಳಕು ಹೇಳಿದ್ದನ್ನೆಲ್ಲ ಹಾಗೆಯೇ ನಂಬಬಹುದೆಂದಲ್ಲ. ದ್ರಾವಣ ತೀರ ಗಟ್ಟಿಯಾಗಿದ್ದರೆ ಅಣುಗಳು ತಮ್ಮ ಬೆಳಕನ್ನು ತಾವೇ ಮುಚ್ಚಿಕೊಳ್ಳುತ್ತವೆ. ಕಬ್ಬಿಣ, ತಾಮ್ರದಂಥ ಲೋಹಗಳು ಔಷಧವನ್ನು ಹಿಡಿದರೂ ಪ್ರಭೆಯನ್ನು ನಂದಿಸಿಬಿಡುತ್ತವೆ. ಔಷಧ ಹಳತಾಗಿ ಕೆಟ್ಟಾಗ ಹುಟ್ಟುವ ವಸ್ತುಗಳೂ ಹೊಳೆದು ವಂಚಿಸಬಹುದು. ಕೆಟ್ಟ ಟೆಟ್ರಾಸೈಕ್ಲಿನ್ ಬರಿಯ ನಿರುಪಯೋಗಿಯಲ್ಲ, ಮೂತ್ರಪಿಂಡಗಳಿಗೆ ಕೇಡು ಮಾಡೀತೆಂದು 1963ರಲ್ಲಿಯೇ ವೈದ್ಯರು ವರದಿಮಾಡಿದ್ದರು. ಆದುದರಿಂದ ಇಂದು ಮಿಶ್ರಣವನ್ನು ಮೊದಲು ಕ್ರೊಮಟೋಗ್ರಫಿಯಿಂದ ಬಿಡಿಬಿಡಿಯಾಗಿ ಬೇರ್ಪಡಿಸಿ, ಅನಂತರ ಒಂದೊಂದನ್ನೂ ಅಳೆಯುವ ಪದ್ಧತಿ ಬಂದಿದೆ.

ಮೂಳೆಯಲ್ಲಿ ಬರೆದ ದಿನಚರಿ

ಈಗ ಚಿಕ್ಕಮ್ಮನ ಹಲ್ಲಿಗೆ ಹಿಂದಿರುಗೋಣ. ಗಾಜಿನ ನಳಿಗೆಯಲ್ಲಿ ನಡೆದದ್ದೇ ಅವರ ಮೈಯೊಳಗೂ ನಡೆಯಿತು. ಬೆಳೆಯುವ ಹಲ್ಲು ಮತ್ತು ಮೂಳೆಗಳಲ್ಲಿ ಕ್ಯಾಲ್ಸಿಯಂ ಪದರ ಪದರವಾಗಿ ಕೂಡುತ್ತಿರುತ್ತದೆ. ರಕ್ತದಲ್ಲಿ ಹರಿಯುವ ಟೆಟ್ರಾಸೈಕ್ಲಿನ್ ಆ ಹೊಸ ಕ್ಯಾಲ್ಸಿಯಂ ಅನ್ನು ಏಡಿಯಂತೆ ಕಚ್ಚಿ, ಅದರೊಡನೆ ಹೂತುಹೋಗುತ್ತದೆ. ಮೂಳೆಯಲ್ಲಿ ಈ ಔಷಧ ಹೊಳೆಯುತ್ತ ಕುಳಿತಿರುವುದನ್ನು 1957ರಲ್ಲಿ ಮಿಲ್ಚ್, ರಾಲ್ ಮತ್ತು ಟೋಬಿ ಎಂಬ ಅಮೆರಿಕದ ಸಂಶೋಧಕರು ವಿವರಿಸಿದರು. ಮೂಳೆ ಮುಂದೆ ಸವೆದು ಹೊಸದಾಗುತ್ತದೆ, ಹಲ್ಲು ಹೊಸದಾಗುವುದಿಲ್ಲ. ಮೊದಲು ಹಳದಿಯಾಗಿದ್ದ ಕಲೆ, ಬೆಳಕು ತಾಕುವ ಮುಂದಿನ ಹಲ್ಲುಗಳಲ್ಲಿ ವರ್ಷಗಳು ಕಳೆದಂತೆ ಕಂದಾಗುತ್ತದೆ. ಒಂದೊಂದು ಪಟ್ಟೆಯೂ ಒಂದೊಂದು ಜ್ವರದ ಗುರುತು!

ಈ ದೋಷವನ್ನೇ ವೈದ್ಯಶಾಸ್ತ್ರ ಗುಣವಾಗಿ ಮಾಡಿಕೊಂಡದ್ದೂ ಉಂಟು. ಡೆಟ್ರಾಯಿಟ್ ನಗರದ ಹೆನ್ರಿ ಫೋರ್ಡ್ ಆಸ್ಪತ್ರೆಯ ಹೆರಾಲ್ಡ್ ಫ್ರಾಸ್ಟ್ ಮೂಳೆ ರೋಗಿಗಳಿಗೆ ಕೆಲವು ದಿನ ಟೆಟ್ರಾಸೈಕ್ಲಿನ್ ಕೊಟ್ಟು, ನಿಲ್ಲಿಸಿ, ಮತ್ತೆ ಕೊಡುವ ಮಾರ್ಗವನ್ನು ಬೆಳೆಸಿದರು. ಅನಂತರ ಮೂಳೆಯ ತೆಳುವಾದ ಬಿಲ್ಲೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡು ಹೊಳೆಯುವ ಗೆರೆಗಳು. ನಡುವಿನ ದೂರವನ್ನು ದಿನಗಳಿಂದ ಭಾಗಿಸಿದರೆ ಮೂಳೆ ದಿನಕ್ಕೆಷ್ಟು ಬೆಳೆಯಿತೆಂಬ ಲೆಕ್ಕ ದೊರೆಯುತ್ತದೆ.

ಇದಕ್ಕಿಂತ ಅಚ್ಚರಿಯ ಸಂಗತಿ 1980ರಲ್ಲಿ ಪ್ರಕಟವಾಯಿತು. ಸೂಡಾನಿನ ನ್ಯೂಬಿಯಾ ಪ್ರಾಂತದಲ್ಲಿ ಕ್ರಿಸ್ತಶಕ 350ರ ಸುಮಾರಿಗೆ ಬಾಳಿದ ಜನರ ಮೂಳೆಗಳಲ್ಲಿಯೂ ಅದೇ ಹಳದಿಹಸುರು ಗೆರೆಗಳು ಕಂಡವು! ಔಷಧಾಲಯವಿಲ್ಲದ ಆ ಕಾಲದಲ್ಲಿ ಟೆಟ್ರಾಸೈಕ್ಲಿನ್ ಎಲ್ಲಿಂದ ಬಂತು? ಅದನ್ನು ಉತ್ಪಾದಿಸುವ ಸೂಕ್ಷ್ಮಜೀವಿ ಮಣ್ಣಿನಲ್ಲಿದೆ. ಅದು ಹತ್ತಿದ ಧಾನ್ಯದಿಂದ ಮಾಡಿದ ಮದ್ಯವೇ ಮೂಲವಿರಬೇಕೆಂದು ಮಾನವಶಾಸ್ತ್ರಜ್ಞ ಜಾರ್ಜ್ ಆರ್ಮೆಲಾಗೋಸ್ ಮತ್ತು ಅವರ ಸಂಗಡಿಗರು ತರ್ಕಿಸಿದರು. ಹಲವರು ನಂಬಲಿಲ್ಲ. 2010ರಲ್ಲಿ ಆ ಮೂಳೆಗಳನ್ನು ಕರಗಿಸಿ, ಅಣುಗಳ ತೂಕವನ್ನು ಪರೀಕ್ಷಿಸಿದಾಗ ಟೆಟ್ರಾಸೈಕ್ಲಿನ್ ಇದ್ದದ್ದು ದೃಢವಾಯಿತು. ಸಾವಿರದ ಆರುನೂರು ವರ್ಷ ಕಳೆದರೂ ಏಡಿಯ ಹಿಡಿತ ಸಡಿಲಿರಲಿಲ್ಲ.

ನೆನಪಿಡಬೇಕಾದದ್ದು

ಈ ವಿಷಯದಿಂದ ಮನೆಮಂದಿ ಅರಿಯಬೇಕಾದ ಮಾತುಗಳು ಕೆಲವಿವೆ. ಟೆಟ್ರಾಸೈಕ್ಲಿನ್ ಗುಳಿಗೆಯನ್ನು ಹಾಲಿನೊಡನೆ ನುಂಗಬಾರದು. ಹಾಲಿನ ಕ್ಯಾಲ್ಸಿಯಂ ಅದನ್ನು ಹೊಟ್ಟೆಯಲ್ಲಿಯೇ ಹಿಡಿದಿಟ್ಟು ರಕ್ತಕ್ಕೆ ಸೇರಗೊಡದು. ಕಬ್ಬಿಣದ ಗುಳಿಗೆ, ಎದೆಯುರಿಗೆ ಕುಡಿಯುವ ಮೆಗ್ನೀಸಿಯಂ ಅಲ್ಯೂಮಿನಿಯಂ ಔಷಧಗಳ ಮಾತೂ ಇಷ್ಟೆ. ಗರ್ಭಿಣಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಟೆಟ್ರಾಸೈಕ್ಲಿನ್ ಕೊಡುವುದನ್ನು ವೈದ್ಯರು ಸಾಮಾನ್ಯವಾಗಿ ಬಿಟ್ಟಿದ್ದಾರೆ. ಆದರೆ ಇದೇ ಮನೆತನದ ಡಾಕ್ಸಿಸೈಕ್ಲಿನ್ ಕ್ಯಾಲ್ಸಿಯಂ ಅನ್ನು ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ; ಸ್ಕ್ರಬ್ ಟೈಫಸ್‌ನಂಥ ಪ್ರಾಣಾಂತಿಕ ಜ್ವರಗಳಲ್ಲಿ ಮಕ್ಕಳಿಗೂ ಅದನ್ನು ಕೆಲವು ದಿನ ಕೊಡುತ್ತಾರೆ. ವೈದ್ಯರು ತಿಳಿದು ಬರೆದದ್ದನ್ನು ಹಲ್ಲಿನ ಭಯದಿಂದ ನಿಲ್ಲಿಸಬಾರದು. ಬರೆಯದ್ದನ್ನು ಅಂಗಡಿಯಿಂದ ತಂದು ಕುಡಿಸಲೂ ಬಾರದು.

ಇದನ್ನೆಲ್ಲ ನಾನು ಚಿಕ್ಕಮ್ಮನಿಗೆ ವಿವರಿಸಿದೆ. ಲೋಹ, ಏಡಿ, ತಂಬೂರಿ, ನ್ಯೂಬಿಯಾ ಎಲ್ಲವನ್ನೂ ಅವರು ಹುರುಳಿಕಾಯಿ ಸೋಸುತ್ತ ತಾಳ್ಮೆಯಿಂದ ಕೇಳಿದರು. “ಅಂದಿನವರಿಗೆ ಇದು ಮೊದಲೇ ತಿಳಿದಿದ್ದರೆ ನಿಮ್ಮ ಹಲ್ಲು ಹೀಗಾಗುತ್ತಿರಲಿಲ್ಲ ಚಿಕ್ಕಮ್ಮ” ಎಂದೆ.

“ಅಮ್ಮ ಹೇಳುತ್ತಿದ್ದಳು ಕಣೋ, ನನಗಿಂತ ಮೊದಲು ಹುಟ್ಟಿದ ಒಂದು ಗಂಡು ಕೂಸು ಅಂಥದೇ ಜ್ವರದಲ್ಲಿ ಹೋಯಿತಂತೆ. ಆಗ ನಮ್ಮೂರಿಗೆ ಈ ಔಷಧ ಬಂದಿರಲಿಲ್ಲ. ನನಗೆ ಬಂದಿತ್ತು” ಎಂದರು ಅವರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, “ಹಾಗಾದರೆ ಎಷ್ಟು ಸಲ ಜ್ವರ ಬಂದಿತ್ತು ಅಂತ ನನ್ನ ಹಲ್ಲಿನಲ್ಲೇ ಎಣಿಸಬಹುದೇನೋ?” ಎಂದು ಕೇಳಿದರು.

ಎಣಿಸಬಹುದೆಂದೆ. ಅವರು ಮೊರವನ್ನು ಕೆಳಗಿಟ್ಟು, ಗೋಡೆಯ ಕನ್ನಡಿಯ ಮುಂದೆ ಹೋಗಿ ನಿಂತು, ಬೆರಳಿಟ್ಟು ಎಣಿಸತೊಡಗಿದರು.